ಒಂಟಿ ಗಂಡು ವಯಸ್ಕರಿಗೆ ಮಾತ್ರ

ಹೆದರಿಕೆ ಬೇರೆಯವರ ಮನೆಗೆ ನೆಂಟನ ಹಾಗೆ ಬಂದು ಹೋಗುತ್ತದೆ. ನನ್ನ ಹತ್ತಿರ ಅದು ಬಿಡಾರ ಹೂಡಿ ಎಷ್ಟೋ ವರ್ಷವಾಯಿತು. ಹಲ್ಲಿ ಲೊಚಗುಟ್ಟಿದರೆ ಹೆದರುತ್ತೇನೆ, ಲೊಚಗುಟ್ಟದೆ ಸುಮ್ಮನೆ ನನ್ನನ್ನೇ ನೋಡುತ್ತಿದ್ದರೆ ಇನ್ನೂ ಹೆದರುತ್ತೇನೆ. ಕುಕ್ಕರ್ ಕೂಗಿದರೆ ಎಗರಿ ಬೀಳುತ್ತೇನೆ. ಕೂಗದಿದ್ದರೆ ಸಿಡಿಯುತ್ತದೇನೋ ಅಂತ ಅಡುಗೆ ಮನೆ ಬಿಟ್ಟು ಹೊರಗೆ ಬಂದು ನಿಲ್ಲುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ಗೊತ್ತಿರುವ ನಂಬರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಎತ್ತುವ ಮೊದಲೇ ಅಳು ಬಂದಿರುತ್ತದೆ. ಇಷ್ಟಾದರೂ ಊರಿನಲ್ಲಿ ನನಗೆ ಗಟ್ಟಿಗಿತ್ತಿ ಅಂತ ಹೆಸರು. ಅದಕ್ಕೆ ಕಾರಣ ನನ್ನ ಬಾಯಿ. ಬಾಯಿ ಜೋರಿದ್ದವರಿಗೆ ಎದೆಯೂ ಗಟ್ಟಿ ಇರುತ್ತದೆ ಅಂತ ಜನ ಅದು ಹೇಗೆ ನಂಬುತ್ತಾರೋ ನನಗೆ ತಿಳಿಯದು. ಎದೆ ಡವಡವ ಅನ್ನುವುದು ಹೊರಗೆ ಕೇಳಿಸಬಾರದು ಅಂತಲೇ ನಾನು ಜೋರಾಗಿ ಮಾತಾಡುವುದು. ಈ ಎಲ್ಲ ಹೆದರಿಕೆಗಳಲ್ಲಿ ಎರಡು ದೊಡ್ಡವು. ಒಂದು, ಆನೆ. ಇನ್ನೊಂದು, ಯಾರಾದರೂ ನನ್ನ ವಯಸ್ಸು ಕೇಳುವುದು. ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಎರಡು ಹೆದರಿಕೆಗಳು ಈ ಸಲದ ಕಾಫಿ ಕೊಯ್ಲಿನಲ್ಲಿ ಕೈಕೈ ಹಿಡಿದುಕೊಂಡು ನನ್ನ ಫೋನಿನೊಳಗೆ ಬಂದು ಕೂತವು.

ನಾನು ಹಾನುಬಾಳಿನಲ್ಲಿ ಟೈಲರ್. ಬಸ್ಸು ನಿಲ್ಲುವ ಜಾಗದ ಎದುರಿಗೆ, ಗೊಬ್ಬರದ ಅಂಗಡಿಯ ಪಕ್ಕದಲ್ಲಿ ನನ್ನದೊಂದು ಕೋಣೆ. ಒಂದು ಹೊಲಿಗೆ ಮಿಷನ್ನು, ಒಂದು ನಿಲುಗನ್ನಡಿ, ಗೋಡೆ ತುಂಬ ಮೊಳೆ, ಮೊಳೆ ತುಂಬ ಬ್ಲೌಸು. ಪಕ್ಕದ ಅಂಗಡಿಯ ಬೇವಿನ ಹಿಂಡಿಯ ವಾಸನೆ ನಾನು ಹೊಲಿದ ರೇಷ್ಮೆ ಬ್ಲೌಸಿಗೂ ಹತ್ತಿರುತ್ತದೆ; ಮದುವೆ ಮನೆಯಲ್ಲಿ ಯಾರ ಬ್ಲೌಸು ನಾನು ಹೊಲಿದದ್ದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೂ ಹೆತ್ತೂರಿನ ಕಡೆಯಿಂದಲೂ ಹೆಂಗಸರು ನನ್ನಲ್ಲಿಗೇ ಬರುತ್ತಾರೆ. ಅದಕ್ಕೆ ಕಾರಣ ನನ್ನ ಹೊಲಿಗೆ ಅಂದುಕೊಂಡಿದ್ದೆ, ಅಲ್ಲ. ಟೇಪು ಸುತ್ತಿದಾಗ ನಾನು ಗಟ್ಟಿಯಾಗಿ ಒಂದು ಅಂಕಿ ಹೇಳುತ್ತೇನೆ, ಕತ್ತರಿಸುವಾಗ ಇನ್ನೊಂದು ಅಂಕಿಗೆ ಕತ್ತರಿಸುತ್ತೇನೆ. ಬಾಯಲ್ಲಿ ಮೂವತ್ತಾರು, ಕತ್ತರಿಯಲ್ಲಿ ಮೂವತ್ತೊಂಬತ್ತು. ನಡುವಿನ ಮೂರು ಇಂಚು ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಕಮಲಕ್ಕನ ಕೈಲಿ ಅಳತೆ ಕೊಟ್ಟರೆ ಸಣ್ಣ ಕಾಣ್ತೀವಿ ಅಂತ ಹೆಂಗಸರು ಮಾತಾಡಿಕೊಳ್ಳುತ್ತಾರೆ. ಈ ಸುತ್ತಿನ ಎಷ್ಟೋ ಹೆಂಗಸರ ಮೈಯ ನಿಜ ನನಗೊಬ್ಬಳಿಗೇ ಗೊತ್ತು. ಅವರ ಗಂಡಂದಿರಿಗೂ ಇಂಚಿನ ಲೆಕ್ಕದಲ್ಲಿ ಗೊತ್ತಿರಲಾರದು. ಜಗಳ ಆಡಿಕೊಂಡು ಹೋದವರ ಅಳತೆಯನ್ನೂ ನಾನು ಹೊರಗೆ ಆಡಿದವಳಲ್ಲ.

ಮೂರು ಕಡಿಮೆ ಹೇಳುವ ಈ ವಿದ್ಯೆ ನನಗೆ ಬಂದದ್ದು ನಮ್ಮಮ್ಮನಿಂದ. ನನ್ನನ್ನು ನೋಡುವುದಕ್ಕೆ ಗಂಡಿನ ಕಡೆಯವರು ನಮ್ಮ ಕುಂದೂರಿನ ಮನೆಗೆ ಬಂದಾಗ ವಯಸ್ಸಿನ ಮಾತು ಬಂತು. ಅಮ್ಮ ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತಾ ಮೂರು ವರ್ಷ ಕಳೆದು ಹೇಳಿದಳು. ಕಳೆಯದಿದ್ದರೆ ನಾನು ಹುಡುಗನಿಗಿಂತ ಎರಡು ವರ್ಷಕ್ಕೆ ದೊಡ್ಡವಳಾಗುತ್ತಿದ್ದೆ. ಹೆಣ್ಣು ದೊಡ್ಡದು ಅಂತಾದರೆ ನಮ್ಮ ಕಡೆ ಮಾತುಕತೆ ಉಪ್ಪಿಟ್ಟಿಗೇ ಮುಗಿಯುತ್ತದೆ. ಅಂದಿನಿಂದ ಇಂದಿನವರೆಗೆ ನಮ್ಮನೆಯವರಿಗಿಂತ ಒಂದು ವರ್ಷ ಚಿಕ್ಕವಳಾಗಿಯೇ ಬಾಳಿಕೊಂಡು ಬಂದಿದ್ದೇನೆ. ನನ್ನ ವಯಸ್ಸು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮನೆಯವರು ತಮಗೆ ಗೊತ್ತು ಅಂದುಕೊಂಡಿದ್ದಾರೆ. ಆಧಾರ್ ಮಾಡಿಸುವಾಗಲೂ ನನ್ನನ್ನು ಪಕ್ಕಕ್ಕೆ ಕೂರಿಸಿ ಅವರೇ ಮುಂದಾಗಿ ಇಸವಿ ಹೇಳಿದರು. ತಾರೀಕು ಗೊತ್ತಿಲ್ಲ ಅಂದದ್ದಕ್ಕೆ ಜನವರಿ ಒಂದು ಅಂತ ಹಾಕಿದರು. ನಮ್ಮ ಲೈನಿನ, ಅಂದರೆ ತೋಟದ ಆಳುಗಳ ಮನೆಸಾಲಿನ, ಅರ್ಧ ಜನ ಹುಟ್ಟಿರುವುದು ಜನವರಿ ಒಂದಕ್ಕೇ; ಅವತ್ತು ಯಾರಿಗೆ ಯಾರು ಶುಭಾಶಯ ಹೇಳುವುದು ಅಂತ ತಿಳಿಯದೆ ಎಲ್ಲರೂ ಸುಮ್ಮನಿರುತ್ತಾರೆ.

ಇನ್ನು ಆನೆಯ ವಿಷಯ. ನಮ್ಮನೆಯವರು ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣಿನ ತೂಕ ಎಲ್ಲ ಅವರ ಕೈಯಲ್ಲಿ. ಮನೆಯೂ ಎಸ್ಟೇಟಿನ ಒಳಗೇ, ಲೈನಿನ ಪಕ್ಕದಲ್ಲಿ. ಟಾರು ರಸ್ತೆ ಬಿಟ್ಟು ಕಾಫಿ ಗಿಡಗಳ ನಡುವಿನ ಮಣ್ಣು ದಾರಿ ಹಿಡಿದು, ಒಂದು ಮೋರಿ ದಾಟಿ, ಏರು ಹತ್ತಿದರೆ ಮನೆ. ಈ ದಾರಿಯಲ್ಲಿ ದಿನಾ ಬೆಳಿಗ್ಗೆ ಸಂಜೆ ನನ್ನ ಓಡಾಟ. ಆನೆಗಳದ್ದೂ ಅದೇ ದಾರಿ. ಗುಂಪು ಬಂದರೆ ಅಷ್ಟು ಭಯವಿಲ್ಲ. ತಾಯಿ, ಮರಿ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಸೇರಿ ಬೈನೆ ಮರ ಮುರಿಯುವ ಗಲಾಟೆ ದೂರಕ್ಕೇ ಕೇಳುತ್ತದೆ. ಭಯ ಇರುವುದು ಒಂಟಿಯದು. ಗುಂಪು ಬಿಟ್ಟ ಗಂಡಾನೆಗೆ ನಾವು ಒಂಟಿ ಅನ್ನುತ್ತೇವೆ. ಅದು ಸದ್ದು ಮಾಡುವುದಿಲ್ಲ. ಕಾಫಿ ಗಿಡದ ನಡುವೆ ನಿಂತರೆ ನಿಂತೇ ಇರುತ್ತದೆ, ನೀವು ಹತ್ತಿರ ಹೋಗುವವರೆಗೂ. ನಮ್ಮ ಕಡೆ ಓಡಾಡುವ ಒಂಟಿಯ ಕುತ್ತಿಗೆಗೆ ಅರಣ್ಯದವರು ಒಂದು ಪಟ್ಟಿ ಕಟ್ಟಿದ್ದಾರೆ. ಅದರಿಂದ ಅದು ಎಲ್ಲಿದ್ದರೂ ಪತ್ತೆ ಆಗುತ್ತದಂತೆ. ಪತ್ತೆ ಅವರಿಗಾದರೆ ಸಾಕೇ, ನಮಗೆ ಬೇಡವೇ ಅಂತ ಸುತ್ತಿನ ಬೆಳೆಗಾರರೆಲ್ಲ ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿದರು. ಎದುರು ದಿಣ್ಣೆಯ ಮೇಲೆ ಕೂತು ಆನೆ ಕಾಯುವ ಪುಟ್ಟರಾಜು ಅನ್ನುವವನು ಅದರಲ್ಲಿ ಹೊತ್ತುಹೊತ್ತಿಗೆ ಸುದ್ದಿ ಹಾಕುತ್ತಾನೆ. ಎಲ್ಲರಿಗೂ ಭಯ ಒಂಟಿಯದೇ ಆದದ್ದರಿಂದ ಗ್ರೂಪಿಗೆ 'ಒಂಟಿ ಗಂಡು ಮಾಹಿತಿ ಬಳಗ' ಅಂತ ಹೆಸರಿಟ್ಟರು. ಅಂಗಡಿ ಬಾಗಿಲು ಹಾಕುವ ಮೊದಲು ಅದನ್ನು ನೋಡುವುದು, ದಾರಿ ಸಲೀಸು ಅಂತಿದ್ದರೆ ನಡೆದು ಹೋಗುವುದು, ಇಲ್ಲದಿದ್ದರೆ ನಮ್ಮನೆಯವರು ಬೈಕಿನಲ್ಲಿ ಬರುವವರೆಗೆ ಕಾದು ಕೂರುವುದು. ಹೀಗೆ ನನ್ನ ಜೀವ ಪುಟ್ಟರಾಜುವಿನ ಹೆಬ್ಬೆರಳಿನ ಮೇಲೆ ನಡೆಯುತ್ತಿತ್ತು.

ಪುಟ್ಟರಾಜು ಬರೆಯುವ ಸುದ್ದಿಯನ್ನು ನಾವು ಯಾರೂ ಆನೆ ಬಿಟ್ಟು ಬೇರೆ ಕಣ್ಣಿನಲ್ಲಿ ಓದಿದವರಲ್ಲ. 'ಒಂಟಿ ಗಂಡು ಬೆಳಿಗ್ಗೆಯಿಂದ ಲೈನಿನ ಹಿಂದೆ ಸುತ್ತುತ್ತಾ ಇದೆ, ಮದ ಏರಿದೆ, ಹೆಂಗಸರು ಒಬ್ಬೊಬ್ಬರೇ ಓಡಾಡಬೇಡಿ' ಅಂತ ಬರುತ್ತಿತ್ತು. 'ಹೆಣ್ಣುಗಳು ಕೆರೆಯಲ್ಲಿ ಸ್ನಾನ ಮಾಡುತ್ತಿವೆ, ಗಂಡು ಮರೆಯಲ್ಲಿ ನಿಂತು ನೋಡುತ್ತಿದೆ' ಅಂತ ಬರುತ್ತಿತ್ತು. 'ದೊಡ್ಡ ಹೆಣ್ಣಿನ ಹಿಂದೆ ಎರಡು ಗಂಡು ಬಿದ್ದಿವೆ, ರಾತ್ರಿ ಇಲ್ಲೇ ಇರುವ ಸೂಚನೆ' ಅಂತ ಒಮ್ಮೆ ಬಂದಿತ್ತು. ನಾವು ಅಯ್ಯೋ ದೇವರೇ ಅಂತ ಬಾಗಿಲು ಭದ್ರ ಮಾಡಿ ಮಲಗಿದೆವು. ಫೋನಿನ ಒಳಗೆ ಕೂತು ಇದನ್ನೆಲ್ಲ ಓದುತ್ತಿದ್ದ ಯಂತ್ರಕ್ಕೆ ಆನೆ ಗೊತ್ತಿರಲಿಲ್ಲ.

ಕೊಯ್ಲು ಶುರುವಾಗಿ ಸ್ವಲ್ಪ ದಿನವಾಗಿತ್ತು. ಒಂದು ಸಂಜೆ ಗ್ರೂಪು ತೆರೆದರೆ ಸುದ್ದಿಯ ಜಾಗದಲ್ಲಿ ಒಂದು ಬಿಳಿ ಚೌಕ. 'ಈ ಗುಂಪಿನಲ್ಲಿ ವಯಸ್ಕರಿಗೆ ಮಾತ್ರ ಸೂಕ್ತವಾದ ವಿಷಯಗಳು ಇರಬಹುದು. ಮುಂದುವರಿಯಲು ನಿಮ್ಮ ವಯಸ್ಸನ್ನು ದೃಢಪಡಿಸಿ.' ನಾನು ಫೋನನ್ನು ಮಗುಚಿ ಟೇಬಲ್ಲಿನ ಮೇಲಿಟ್ಟೆ. ಅಂಗಡಿಯಲ್ಲಿ ಆಗ ಸೀರೆಗೆ ಫಾಲ್ ಹಚ್ಚಿಸಲು ಬಂದ ಇಬ್ಬರು ಹೆಂಗಸರಿದ್ದರು, ಅವರೇನಾದರೂ ನೋಡಿದರೋ ಅಂತ ಮೈಯೆಲ್ಲ ಬೆವರಿತು. ಆಮೇಲೆ ಹಾಸನದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ದಿವ್ಯಾಗೆ ಫೋನ್ ಮಾಡಿ, ವಯಸ್ಕರಿಗೆ ಮಾತ್ರ ಅಂತ ಬರ್ತಾ ಇದೆ, ತೆಗೆಯುವುದು ಹೇಗೆ ಅಂತ ಪಿಸುದನಿಯಲ್ಲಿ ಕೇಳಿದೆ.

"ಅಮ್ಮ, ನಿಜ ಹೇಳು. ಯಾವ ಗ್ರೂಪು ಅದು?"

"ಒಂಟಿ ಗಂಡು ಮಾಹಿತಿ ಬಳಗ ಕಣೇ. ದಿನಾ ಸಂಜೆ ನೋಡ್ತೀನಿ. ಅದನ್ನ ನೋಡ್ದೆ ನಂಗೆ ಅಂಗಡಿ ಬಾಗಿಲು ಹಾಕಕ್ಕೇ ಧೈರ್ಯ ಬರಲ್ಲ."

ಅವಳೂ ಇದೇ ಊರಿನಲ್ಲಿ ಬೆಳೆದವಳು. ಆದರೂ ಹಾಸನ ಸೇರಿದ ಮೇಲೆ ಗಂಡು ಅಂದರೆ ಮೊದಲು ಆನೆ ಹೊಳೆಯುವುದಿಲ್ಲವಂತೆ. ಹೊಳೆದ ಮೇಲೆ ಅವಳು ನಕ್ಕ ನಗು ಫೋನಿನಿಂದಾಚೆ ಅಂಗಡಿಯ ಹೆಂಗಸರಿಗೂ ಕೇಳಿಸಿತು. ನಕ್ಕು ಮುಗಿಸಿ, ಈಗ ಎಲ್ಲ ಫೋನಿನಲ್ಲೂ ಇದು ಕಡ್ಡಾಯವಾಗುತ್ತಿದೆ, ಚಿಕ್ಕ ಮಕ್ಕಳು ಕೆಟ್ಟದ್ದನ್ನು ನೋಡಬಾರದು ಅಂತ ಹೀಗೆ ಮಾಡಿದ್ದಾರೆ, ಆಧಾರ್ ಕಾರ್ಡಾದರೂ ತೋರಿಸಬೇಕು ಇಲ್ಲ ಮುಖವಾದರೂ ತೋರಿಸಬೇಕು ಅಂತ ಹೇಳಿಕೊಟ್ಟಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ನೋಡ್ಕೊಂಡು ಕೊಡಮ್ಮ, ಒಂದು ಸಲ ಮುಖ ಹೋದರೆ ಅದು ಯಾರ್ಯಾರ ಕೈ ಸೇರುತ್ತೋ, ಯಾವುದೋ ಮೈಗೆ ಅಂಟಿಸಿಬಿಡ್ತಾರೆ ಅಂತಲೂ ಸೇರಿಸಿದಳು.

ಯಾವ ಮೈ ಅಂತ ಯೋಚಿಸುತ್ತಾ ಆ ರಾತ್ರಿ ನಿದ್ದೆ ಬರಲಿಲ್ಲ. ಯಾವ ಮೈಯಾದರೂ ಆಗಲಿ, ಅದು ತೊಟ್ಟ ಬ್ಲೌಸು ಹೇಗಿರುತ್ತದೋ! ಕಂಕುಳಲ್ಲಿ ನೆರಿಗೆ ಬಿದ್ದ, ತೋಳು ಗಿಡ್ಡವಾದ ಬ್ಲೌಸಿನ ಮೇಲೆ ನನ್ನ ಮುಖ ನಗುತ್ತಾ ಇದ್ದರೆ ನನ್ನ ಗಿರಾಕಿಗಳು ಏನಂದುಕೊಳ್ಳುತ್ತಾರೆ? ಬೆಳಿಗ್ಗೆ ಎದ್ದು ಕನ್ನಡಕ ಹಾಕಿಕೊಂಡು, ಬಿಳಿ ಚೌಕದ ಕೆಳಗೆ ಇರುವೆ ಸಾಲಿನಷ್ಟು ಸಣ್ಣಗಿದ್ದ ಅಕ್ಷರಗಳನ್ನು ಓದಿದೆ. ನಮ್ಮ ಮುಖದ ಮಾಹಿತಿಯನ್ನು ಅವರು ತಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದಂತೆ. ಆ ಪಾಲುದಾರರು ಯಾರು, ನನ್ನ ಮುಖದಲ್ಲಿ ಅವರಿಗೆ ಎಷ್ಟು ಪಾಲು ಅಂತ ಬರೆದಿರಲಿಲ್ಲ. ಅಗತ್ಯವಿರುವಷ್ಟು ಕಾಲ ಇಟ್ಟುಕೊಳ್ಳುತ್ತಾರಂತೆ. ಯಾರ ಅಗತ್ಯ ಅಂತಲೂ ಇರಲಿಲ್ಲ. ನನ್ನ ಗಿರಾಕಿಗಳು ಬ್ಲೌಸು ಹೊಲಿದು ಮಿಕ್ಕ ಗೇಣು ಬಟ್ಟೆಯನ್ನೂ ಕೇಳಿ ಇಸಕೊಂಡು ಹೋಗುತ್ತಾರೆ, ಕೊಡದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕೊಟ್ಟ ಮುಖವನ್ನು ವಾಪಸ್ ಕೊಡಿ ಅಂತ ನಾನು ಯಾರ ಅಂಗಡಿಗೆ ಹೋಗಿ ಕೇಳಲಿ?

ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು, ಅದನ್ನು ಮಗಳಿಗೂ ಹೇಳುವ ಹಾಗಿರಲಿಲ್ಲ. ಈ ಯಂತ್ರ ಮುಖ ನೋಡಿ ವಯಸ್ಸು ಹೇಳುತ್ತದಂತೆ. ಆಧಾರ್ ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ? ಇಷ್ಟು ವರ್ಷ ಅಮ್ಮ ಮತ್ತು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಫೋನು ಟಿಂಗ್ ಅಂತ ಊರಿಗೆಲ್ಲ ಹೇಳಿಬಿಟ್ಟರೆ? ಅಮ್ಮ ಈಗಿಲ್ಲ, ಉತ್ತರ ಕೊಡಬೇಕಾದವಳು ನಾನೊಬ್ಬಳೇ.

ನಮ್ಮನೆಯವರು ಮಾತ್ರ ಮೊದಲ ದಿನವೇ ಮುಖ ಕೊಟ್ಟು ಮುಗಿಸಿದ್ದರು. ಹಣ್ಣು ತೂಗುವ ಸ್ಟೋರಿನ ಗೇಟಿನ ಹತ್ತಿರ ನಿಂತು, ಬಡಿಸಲು ಬಂದವರಿಗೆ ಸಾಕು ಸಾಕು ಅನ್ನುವ ಹಾಗೆ ಫೋನಿನ ಮುಂದೆ ತಲೆಯನ್ನು ಆ ಕಡೆ ಈ ಕಡೆ ಆಡಿಸಿದರಂತೆ, ಗ್ರೂಪು ತೆರೆದುಕೊಂಡಿತಂತೆ. ಆದರೆ ಅವರ ಗ್ರೂಪಿನಿಂದ ನನಗೇನೂ ಉಪಯೋಗವಾಗಲಿಲ್ಲ. ಸ್ಟೋರಿನ ಒಳಗೆ ನೆಟ್‌ವರ್ಕ್ ಇಲ್ಲ. ಕೊಯ್ಲಿನ ಕಾಲದಲ್ಲಿ ಹಣ್ಣು ತೂಗಿ ಮುಗಿಸಿ ಅವರು ಗೇಟಿಗೆ ಬರುವಾಗ ಕತ್ತಲಾಗಿರುತ್ತದೆ. ಸಂಜೆ ಐದಕ್ಕೆ ಒಂಟಿ ನನ್ನ ದಾರಿಯಲ್ಲಿತ್ತು ಅನ್ನುವ ಸುದ್ದಿಯನ್ನು, ನಾನು ಆ ದಾರಿಯಲ್ಲೇ ನಡೆದು ಬಂದು ಅನ್ನಕ್ಕಿಟ್ಟ ಮೇಲೆ, ಅವರು ಮನೆಗೆ ಬಂದು ಬಹಳ ಕಾಳಜಿಯಿಂದ ಓದಿ ಹೇಳುತ್ತಿದ್ದರು.

ಹೀಗೆ ನಾನು ಕುರುಡಾದೆ. ಬಸ್ಸಿನವರನ್ನು ಕೇಳಿದೆ, ಜೀಪಿನವರನ್ನು ಕೇಳಿದೆ, ಅಂಗಡಿಗೆ ಬಂದವರೆಲ್ಲರನ್ನೂ ಅಳತೆ ಟೇಪಿನ ಜೊತೆಗೇ ಹಿಡಿದುಕೊಂಡು ಒಂಟಿ ಎಲ್ಲಿದೆ ಅಂತ ಕೇಳಿದೆ. ಒಬ್ಬರು ಇಲ್ಲಿ ಅಂದರೆ ಒಬ್ಬರು ಅಲ್ಲಿ. ಎಲ್ಲ ನಿನ್ನೆಯ ಸುದ್ದಿ. ಕೆಲವು ದಿನ ಅಂಗಡಿಯಲ್ಲೇ ಕಾದು ಕೂತೆ. ಕೆಲವು ದಿನ ಜೊತೆಗೆ ಯಾರಾದರೂ ಸಿಕ್ಕರು. ಯಾರೂ ಸಿಗದ ದಿನ ಸ್ಟೀಲಿನ ಡಬ್ಬಿಯನ್ನು ಕತ್ತರಿಯಿಂದ ಬಡಿಯುತ್ತಾ, ನಮ್ಮ ಮಾವನವರಿಂದ ಹಿಡಿದು ಬದುಕಿರುವ ಸತ್ತಿರುವ ಎಲ್ಲರನ್ನೂ ಗಟ್ಟಿಯಾಗಿ ಬೈಯುತ್ತಾ ನಡೆದೆ. ಗಿಡದ ನಡುವಿನ ಕಪ್ಪು ನೀರಿನ ಟ್ಯಾಂಕಿಗೆ ಒಂದು ದಿನ ಕೈಮುಗಿದು ದಾರಿ ಬಿಡಪ್ಪಾ ಅಂತ ಬೇಡಿಕೊಂಡಿದ್ದೇನೆ. ಬಂಡೆ ಆನೆಯಾಯಿತು, ಮರದ ನೆರಳು ಆನೆಯಾಯಿತು, ಗೊಬ್ಬರಕ್ಕೆ ಮುಚ್ಚಿದ ಟಾರ್ಪಾಲು ಗಾಳಿಗೆ ಎದ್ದು ಕಿವಿ ಬೀಸಿತು. ನಮ್ಮನೆಯವರು ಇದನ್ನೆಲ್ಲ ಕೇಳಿ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಅಂದರು:

"ನಿನ್ ಮುಖ ತಗಂಡು ಅವ್ರೇನು ಉಪ್ಪಿನಕಾಯಿ ಹಾಕ್ತಾರೇನೇ? ಒಂದ್ಸಲ ತೋರ್ಸು, ಮುಗೀತದೆ. ಇಲ್ಲಾಂದ್ರೆ ನಾನು ಬರೋಗಂಟ ಅಂಗ್ಡೀಲಿ ಕೂತಿರು."

ಉಪ್ಪಿನಕಾಯಿ ಅಂದದ್ದು ನನಗೆ ನಾಟಿತು. ನನ್ನ ಮುಖ ಉಪ್ಪಿನಕಾಯಿಗೂ ಆಗಲ್ಲ ಅಂತ ತಾನೇ ಅವರ ಅರ್ಥ? ನೀವು ಬರುವುದೂ ಬೇಡ, ನಾನು ಕೂರುವುದೂ ಬೇಡ, ನನ್ನ ಕಾಲಿದೆ, ನಾನೇ ನಡೆದು ಬರುತ್ತೇನೆ ಅಂದುಬಿಟ್ಟೆ. ಅಂದ ಮೇಲೆ ಬಾಯಿ ಒಣಗಿತು. ಆದರೆ ನನ್ನಂಥವಳ ಕಷ್ಟ ಇದೇ: ಬಾಯಿ ಮುಂದೆ ಹೋಗಿಬಿಡುತ್ತದೆ, ಜೀವ ಅದರ ಹಿಂದೆ ಏದುಸಿರು ಬಿಡುತ್ತಾ ಹೋಗಬೇಕು.

ಅವತ್ತು ಸಂಜೆ ಜೊತೆಗೆ ಯಾರೂ ಸಿಗಲಿಲ್ಲ. ಟಾರು ರಸ್ತೆ ಬಿಟ್ಟು ಮಣ್ಣು ದಾರಿಗೆ ಇಳಿದಾಗ ಇನ್ನೂ ಬೆಳಕಿತ್ತು. ಚಳಿಗೆ ಸೆರಗು ಹೊದ್ದು, ಡಬ್ಬಿ ಬಡಿಯುತ್ತಾ ಮೋರಿಯವರೆಗೆ ಬಂದೆ. ಅಲ್ಲಿ ಬಲಗಡೆಯ ಗಿಡಗಳಲ್ಲಿ ಲಟ್ ಅಂತ ಒಂದು ಕೊಂಬೆ ಮುರಿದ ಸದ್ದಾಯಿತು. ಮಂಗ ಇರಬಹುದು. ಮಂಗ ಅಷ್ಟು ದಪ್ಪದ ಕೊಂಬೆ ಮುರಿಯುವುದಿಲ್ಲ. ಡಬ್ಬಿ ಬಡಿಯುವುದನ್ನು ನಿಲ್ಲಿಸಿದೆ. ಇಡೀ ತೋಟವೂ ಸದ್ದು ನಿಲ್ಲಿಸಿತು. ಎದುರು ದಿಣ್ಣೆಯ ಕಡೆಯಿಂದ ಯಾರೋ ಹೋಯ್ ಹೋಯ್ ಅಂತ ಕೂಗುತ್ತಿದ್ದರು, ದನ ಹೊಡೆದುಕೊಂಡು ಹೋಗುತ್ತಿರಬೇಕು ಅಂದುಕೊಂಡೆ. ಮುಂದೆ ಹೋಗುವುದೋ ಹಿಂದೆ ಹೋಗುವುದೋ? ಒಂಟಿ ಮುಂದಿದ್ದರೆ ಹಿಂದೆ ಓಡಬೇಕು, ಹಿಂದಿದ್ದರೆ ಮುಂದೆ ಓಡಬೇಕು. ಎಲ್ಲಿದೆ ಅಂತ ಗೊತ್ತಿರುವುದು ಪುಟ್ಟರಾಜುವಿಗೆ. ಪುಟ್ಟರಾಜು ಇರುವುದು ಬಿಳಿ ಚೌಕದ ಆ ಕಡೆ. ಈ ದಾರಿಯಲ್ಲಿ ಮೋರಿಯ ಮೇಲೆ ಮಾತ್ರ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ.

ಫೋನು ತೆಗೆದೆ. ಮೂರು ವರ್ಷವೂ ಬೇಡ, ಮುಖವೂ ಬೇಡ, ಯಾವ ಮೈಗಾದರೂ ಅಂಟಿಸಿಕೊಳ್ಳಲಿ, ನನಗೆ ಮನೆ ಸೇರಿದರೆ ಸಾಕು ಅನ್ನಿಸಿತು. ಒಪ್ಪಿಗೆ ಅಂದ ಕಡೆಯೆಲ್ಲ ಒತ್ತಿದೆ. ಒಂದು ದುಂಡನೆಯ ಚೌಕಟ್ಟು ಬಂತು, ಅದರೊಳಗೆ ನನ್ನ ಮುಖ. ಆ ಮುಖ ನೋಡಿ ನನಗೇ ಭಯವಾಯಿತು. 'ಬೆಳಕು ಸಾಲದು' ಅಂದಿತು. ಪಡುವಣದ ಬೆಳಕಿಗೆ ಮುಖ ಮಾಡಿ ತಿರುಗಿ ನಿಂತೆ. 'ನಿಧಾನವಾಗಿ ಎಡಕ್ಕೆ ತಿರುಗಿ' ಅಂದಿತು, ತಿರುಗಿದೆ. ಬಲಕ್ಕೆ ಅಂದಿತು, ತಿರುಗಿದೆ. ಕಣ್ಣು ಮಿಟುಕಿಸಿ ಅಂದಿತು. ಅದೊಂದನ್ನು ಅದು ಹೇಳುವ ಮೊದಲಿನಿಂದಲೂ ಮಾಡುತ್ತಲೇ ಇದ್ದೆ. ಆಮೇಲೆ 'ದಯವಿಟ್ಟು ಮುಗುಳ್ನಗಿ' ಅಂದಿತು. ಅಯ್ಯೋ ನಿನ್ನ ಮನೆ ಹಾಳಾಗ ಅಂದುಕೊಂಡೇ ಹಲ್ಲು ಬಿಟ್ಟೆ. ಚೌಕಟ್ಟು ಕೆಂಪಾಯಿತು.

'ಒಂದಕ್ಕಿಂತ ಹೆಚ್ಚು ಮುಖಗಳು ಕಾಣಿಸುತ್ತಿವೆ. ದಯವಿಟ್ಟು ಒಬ್ಬರೇ ಇರಿ.'

ನಾನು ಒಬ್ಬಳೇ ಇದ್ದೆ. ಹಾಗಂತ ಫೋನಿಗೆ ಹೇಳಲು ಬಾಯಿ ತೆರೆದವಳು, ಪರದೆಯಲ್ಲಿ ನನ್ನ ಕಿವಿಯ ಪಕ್ಕದಲ್ಲಿದ್ದ ಬಂಡೆಯನ್ನು ನೋಡಿದೆ. ದಾರಿಯ ಅಂಚಿನಲ್ಲಿ ಆ ಜಾಗದಲ್ಲಿ ಬಂಡೆ ಇದ್ದದ್ದು ನನಗೆ ನೆನಪಿರಲಿಲ್ಲ. ಬಂಡೆ ಕಿವಿ ಆಡಿಸಿತು. 

ತಿರುಗಿ ನೋಡಲಿಲ್ಲ. ಧೈರ್ಯದಿಂದಲ್ಲ, ಕುತ್ತಿಗೆ ತಿರುಗಲಿಲ್ಲ. ಮಗಳ ಮುಖ ಬಂತು, ಮಿಷನ್ನಿನ ಮೇಲೆ ಅರ್ಧ ಬಿಟ್ಟು ಬಂದ ಹಸಿರು ಬ್ಲೌಸು ಬಂತು, ಬೆಳಿಗ್ಗೆ ಜಗಳದಲ್ಲಿ ನಮ್ಮನೆಯವರಿಗೆ ಕಾಫಿ ಕೊಡದೆ ಬಂದದ್ದು ಬಂತು. ಪರದೆಯೊಳಗೆ ಅದರ ಕುತ್ತಿಗೆಯ ಪಟ್ಟಿ ಕಾಣುತ್ತಿತ್ತು. ಅಷ್ಟು ಹತ್ತಿರ. ಆ ಗಳಿಗೆಯಲ್ಲಿ ನಾನು ಮಾಡಿದ ಕೆಲಸವನ್ನು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಫೋನು ಒಬ್ಬರೇ ಇರಿ ಅಂದಿತ್ತಲ್ಲ, ಆನೆಗೆ ಹೋಗು ಅನ್ನುವ ಹಾಗಿಲ್ಲ. ನಾನೇ ಮೆಲ್ಲಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಚೌಕಟ್ಟಿನಲ್ಲಿ ನನ್ನ ಮುಖ ಮಾತ್ರ ಇರುವ ಹಾಗೆ ಮಾಡಿಕೊಂಡು, ಇನ್ನೊಂದು ಸಲ ನಕ್ಕೆ.

ಚೌಕಟ್ಟು ಹಸಿರಾಯಿತು. 'ಧನ್ಯವಾದಗಳು. ನೀವು ವಯಸ್ಕರು.'

ಬೀಗ ಬಿದ್ದ ದಿನದಿಂದ ತಡೆದು ನಿಂತಿದ್ದ ಗ್ರೂಪಿನ ಸುದ್ದಿಯೆಲ್ಲ ಒಮ್ಮೆಗೇ ನುಗ್ಗಿತು. ಟಿಂಗ್, ಟಿಂಗ್, ಟಿಂಗ್ ಅಂತ ನಿಲ್ಲಿಸಲಾರದ ಹಾಗೆ ಫೋನು ಬಡಿದುಕೊಂಡಿತು. ಹಿಂದೆ ಬುಸ್ಸೆಂದು ಒಂದು ಉಸಿರು ಬಂತು, ನೆಲ ಅದುರಿತು, ಗಿಡಗಳು ಪಟಪಟ ಮುರಿದವು. ಆ ಸದ್ದು ನನ್ನ ಕಡೆಗೆ ಬರುತ್ತಿಲ್ಲ, ಕೆಳಗಿನ ತೋಟಕ್ಕೆ ಇಳಿದು ಹೋಗುತ್ತಿದೆ ಅಂತ ಅರ್ಥವಾಗುವ ಹೊತ್ತಿಗೆ ನಾನು ಏರಿನ ಅರ್ಧ ಹತ್ತಿಯಾಗಿತ್ತು. ಒಂದು ಚಪ್ಪಲಿ ಮೋರಿಯಲ್ಲೇ ಉಳಿಯಿತು. ಡಬ್ಬಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಫೋನು ಮಾತ್ರ ಕೈಯಲ್ಲೇ ಇತ್ತು, ಇನ್ನೂ ಟಿಂಗ್ ಅನ್ನುತ್ತಿತ್ತು.

ಮನೆ ಸೇರಿ ಅಗುಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಚೊಂಬಿನ ನೀರು ಬಾಯಿಗೆ ಹೋದದ್ದಕ್ಕಿಂತ ಸೀರೆಗೆ ಹೋದದ್ದು ಹೆಚ್ಚು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಜೀವ ಒತ್ತೆ ಇಟ್ಟು ಗಳಿಸಿದ ಗ್ರೂಪನ್ನು ತೆರೆದೆ. ಕೊನೆಯಲ್ಲಿ ಪುಟ್ಟರಾಜು ಬರೆದಿದ್ದ: 'ಒಂಟಿ ಗಂಡು ಮೋರಿ ಹತ್ತಿರ ರಸ್ತೆಗೆ ಬರ್ತಾ ಐತೆ. ಯಾರೂ ಆ ಕಡೆ ಹೋಗಬೇಡಿ.' ಅದರ ಕೆಳಗೆ: 'ಮೋರಿ ಮೇಲೆ ಯಾರೋ ಒಬ್ಬರು ಅಜ್ಜಿ ನಿಂತವ್ರೆ. ವಯಸ್ಸು ಅರವತ್ತೈದರ ಮೇಲೆ. ದಿಣ್ಣೆಯಿಂದ ಕೂಗಿದ್ರೂ ಕೇಳಿಸ್ತಿಲ್ಲ, ಕಿವಿ ಮಂದ ಇರಬೇಕು.' ಅದರ ಕೆಳಗೆ: 'ಅಜ್ಜಿ ಒಂಟಿ ಜೊತೆ ನಗ್ತಾ ಸೆಲ್ಫಿ ತಗೊಳ್ತಾ ಅವ್ರೆ. ಯಾರ ಮನೆಯವರು ನೋಡಿ ಬುದ್ಧಿ ಹೇಳಿ.'

ಎಲ್ಲಿ ನಿಂತಿದೆ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಲಕ್ಷಣವೇನು. ಒಂಟಿಯ ಬಗ್ಗೆ ದಿನಾ ಬರೆಯುವ ಹಾಗೆಯೇ ನನ್ನ ಬಗ್ಗೆಯೂ ಬರೆದಿದ್ದ. ಆನೆಯನ್ನೂ ಕೇಳಿ ಬರೆದವನಲ್ಲ, ನನ್ನನ್ನೂ ಕೇಳಿರಲಿಲ್ಲ. ಸುತ್ತಿನ ನಾಲ್ಕೂರಿನ ಬೆಳೆಗಾರರು, ರೈಟರುಗಳು, ಜೀಪಿನವರು, ನನ್ನ ಗಿರಾಕಿಗಳ ಗಂಡಂದಿರು ಎಲ್ಲರೂ ಕೆಳಗೆ ಒಂದೊಂದು ಮಾತು ಹಾಕಿದ್ದರು. ಕೊನೆಯದು ನಮ್ಮನೆಯವರದು. ಆಗಷ್ಟೇ ಸ್ಟೋರಿನ ಗೇಟಿಗೆ ಬಂದು ನೋಡಿರಬೇಕು. 'ಆ ಅಜ್ಜಿಗೆ ಮನೆಯಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ ಅನ್ಸುತ್ತೆ' ಅಂತ ಬರೆದಿದ್ದರು.

ಅದನ್ನು ಓದಿದ್ದೇ ಸಿಟ್ಟು ನೆತ್ತಿಗೇರಿತು. ಆನೆಯನ್ನು ಮರೆತೆ, ಪಾಲುದಾರರನ್ನು ಮರೆತೆ, ನಮ್ಮಮ್ಮನನ್ನೂ ಮರೆತೆ. ನಾನು ಯಾರ ಸೊಂಟಕ್ಕೂ ಒಂದು ಇಂಚು ಕೂಡಿಸಿ ಹೇಳಿದವಳಲ್ಲ. ನನಗೆ ಈ ಮಹಾರಾಯ ಹತ್ತು ವರ್ಷದ ಮೇಲೆ ಕೂಡಿಸಿದ್ದಾನೆ, ಅದರ ಜೊತೆಗೆ ಕಿವುಡು ಬೇರೆ. ಹಲ್ಲು ಕಚ್ಚಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಬರೆದೆ: 'ನಾನು ಅಜ್ಜಿ ಅಲ್ಲ. ಕಿವಿ ಚೆನ್ನಾಗಿದೆ. ಅರವತ್ತೈದೂ ಅಲ್ಲ, ಸರಿಯಾಗಿ ಐವತ್ತನಾಲ್ಕು. ಕಮಲ, ಟೈಲರ್, ಹಾನುಬಾಳು.' ಬರೆದು ಕಳಿಸಿ, ಎದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ. ಮನಸ್ಸಿಗೆ ಬಹಳ ಹಿತವಾಯಿತು.

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಬಾಗಿಲು ತೆಗೆದೆ. ನಮ್ಮನೆಯವರು ಮೆಟ್ಟಿಲ ಮೇಲೆ ಬೂಟು ಬಿಚ್ಚುತ್ತಾ, ಮೋರಿ ಹತ್ತಿರ ಯಾರೋ ಮುದುಕಿಯ ಕತೆ ಕೇಳಿದೆಯಾ ಅಂತ ನಗುತ್ತಾ ಶುರು ಮಾಡಿದರು. ಅವರ ಜೇಬಿನಲ್ಲಿ ಫೋನು ಟಿಂಗ್ ಅಂದಿತು. ತೆಗೆದು ಓದಿದರು. ನಗು ಹೋಯಿತು. ನನ್ನ ಮುಖ ನೋಡಿದರು, ಒದ್ದೆ ಸೀರೆ ನೋಡಿದರು, ಬರಿಗಾಲು ನೋಡಿದರು. ಒಂದು ಕಾಲಿನ ಬೂಟು ಬಿಚ್ಚದೆಯೇ ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು.

"ಅದು ನೀನೇನೇ?"

ಹೂಂ ಅಂದೆ. ನನ್ನ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅವರು ಎತ್ತಿ ಕುಡಿದರು. ಅವರ ಅಂಗಿಯ ಮೇಲೂ ನೀರು ಚೆಲ್ಲಿತು. ಏನೂ ಆಗ್ಲಿಲ್ಲ ಬಿಡಿ ಅಂದೆ. ಅವರು ತಲೆ ತಗ್ಗಿಸಿ, ನಾಳೆಯಿಂದ ತೂಕ ಎಷ್ಟೇ ಹೊತ್ತಾಗಲಿ, ನಡುವೆ ಎದ್ದು ಬಂದು ನಿನ್ನ ಕರ್ಕೊಂಡು ಹೋಗ್ತೀನಿ ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ದನಿ ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ. ನನಗೂ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಿಗ್ಗೆ ಕೊಡದ ಕಾಫಿಯನ್ನು ಈಗಲಾದರೂ ಮಾಡೋಣ ಅಂತ ಒಲೆಯ ಕಡೆ ತಿರುಗಿದೆ.

ನೀರು ಕಾಯಲು ಇಟ್ಟೆ. ತಿರುಗಿ ನೋಡಿದರೆ ಅವರು ಕನ್ನಡಕ ಹಾಕಿಕೊಂಡು ಫೋನನ್ನು ಇನ್ನೊಂದು ಸಲ ಓದುತ್ತಿದ್ದರು. ತುಟಿ ಅಲುಗುತ್ತಿತ್ತು. ದಿನವಿಡೀ ಲೆಕ್ಕ ಮಾಡುವ ಮನುಷ್ಯ, ಕೂಡಿಸಿ ಕಳೆಯುವಾಗ ಹಾಗೇ ತುಟಿ ಅಲುಗಿಸುತ್ತಾರೆ. ಫೋನು ನನ್ನ ವಯಸ್ಸನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದ್ದು ನಾನೇ ಅನ್ನುವುದು ನನಗೆ ಆಗ ಹೊಳೆಯಿತು.

"ಐವತ್ತನಾಲ್ಕಾ?" ಅಂದರು. ಕನ್ನಡಕ ತೆಗೆದು, "ನಂಗೆ ಐವತ್ತೆರಡು ಕಣೇ" ಅಂದರು.

ಆನೆ ಹಿಂದೆ ನಿಂತಾಗ ಫೋನು ಹೇಳಿತು ಅಂತ ಎರಡು ಸಲ ನಕ್ಕಿದ್ದೆ. ಈಗಲೂ ಒಂದು ಸಲ ನಕ್ಕು ನೋಡೋಣ ಅಂತ ಹಲ್ಲು ಬಿಟ್ಟೆ. ಬರಲಿಲ್ಲ.